ಖಾತೆ ಮೂರು, ಕೀಲಿಕೈ ಒಬ್ಬರ ಬಳಿ

ಹೈದರಾಬಾದ್: ಫೇಸ್‌ಬುಕ್ ಭಾರತದಲ್ಲಿ ತನ್ನ ಮೊದಲ ಕಚೇರಿ ತೆರೆದದ್ದು 2010ರಲ್ಲಿ, ಇದೇ ನಗರದಲ್ಲಿ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಸಂಸ್ಥೆಗಳಿರುವ ಈ ಊರಿನಲ್ಲಿ ರಾಜ್ಯೋತ್ಸವವಿರಲಿ, ಕನ್ನಡಿಗರ ಹೋಟೆಲ್ ಇರಲಿ, ಪ್ರಚಾರಕ್ಕೆ ಈಗ ಕರಪತ್ರದ ಜೊತೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಕೂಡ ಬೇಕು. ಮೂರರ ಅಂಕಿಗಳನ್ನೂ ಒಂದೇ ಕಡೆ ತೋರಿಸುವ ತಂತ್ರಾಂಶಗಳಿವೆ. ಆದರೆ ಖಾತೆ ಜೋಡಿಸುವಲ್ಲೇ ಎಡವಟ್ಟಾಗುವುದುಂಟು.

ಸಾಮಾನ್ಯವಾಗಿ ಉತ್ಸಾಹಿ ಯುವಕರೊಬ್ಬರು ಸ್ವಂತ ಲಾಗಿನ್‌ನಿಂದ ಜೋಡಿಸಿರುತ್ತಾರೆ. ಅವರು ಪಾಸ್‌ವರ್ಡ್ ಬದಲಿಸಿದರೆ, ಅಥವಾ ಕೆಲಸ ಸಿಕ್ಕಿ ಊರು ಬಿಟ್ಟು ಪುಟದ ಹೊಣೆ ಕಳಚಿಕೊಂಡರೆ, ಅನುಮತಿ ರದ್ದಾಗಿ ಅಂಕಿ ಬರುವುದೇ ನಿಲ್ಲಬಹುದು. ಆದ್ದರಿಂದ ಪುಟಕ್ಕೆ ಕನಿಷ್ಠ ಇಬ್ಬರು ಹೊಣೆಗಾರರಿರುವುದು ಒಳಿತು. ಇನ್‌ಸ್ಟಾಗ್ರಾಂ ಖಾತೆ ವೃತ್ತಿಪರ ಮಾದರಿಯದ್ದಾಗಿರಬೇಕು. ವೈಯಕ್ತಿಕ ಖಾತೆಗಳಿಂದ ಮಾಹಿತಿ ಪಡೆಯಲು ಇದ್ದ ವ್ಯವಸ್ಥೆ 2024ರ ಡಿಸೆಂಬರ್ 4ರಂದು ಕೊನೆಗೊಂಡಿತು.

ಒಂದು ಖಾತೆಗೆ ಒಂದೇ ಜೋಡಣೆ, ಅದಕ್ಕೊಂದು ಸ್ಪಷ್ಟ ಹೆಸರು. ಒಂದೇ ಪುಟವನ್ನು ಎರಡು ಬಾರಿ ಜೋಡಿಸಿದರೆ ಲೆಕ್ಕವೂ ಇಮ್ಮಡಿಯಾದೀತು. ಮೂರೂ ಕಡೆಯ ವೀಕ್ಷಕರನ್ನು ಕೂಡಿಸುವುದೂ ಸರಿಯಲ್ಲ. ಮೂರರಲ್ಲೂ ನೋಡಿದವರು ಒಬ್ಬರೇ ಇರಬಹುದು.

ಸದಸ್ಯರ ವಂತಿಗೆಯಿಂದ ಜಾಹೀರಾತು ಕೊಡುವ ಸಂಘಗಳಿಗೆ ಇದು ಖರ್ಚುವೆಚ್ಚದ ಲೆಕ್ಕದಷ್ಟೇ ಮುಖ್ಯ. ಪದಾಧಿಕಾರಿಗಳು ಬದಲಾದಾಗ ಲೆಕ್ಕದ ಪುಸ್ತಕದ ಜೊತೆ ಈ ಕೀಲಿಕೈಯೂ ಹಸ್ತಾಂತರವಾಗಲಿ.