ರಾರಾವಿ ಸೀಮೆಯ ಶಾಲಾ ದಾಖಲೆಗಳಲ್ಲಿ ಜಾತಿಯೂ ಮನೆಮಾತೂ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿಗೆ ಸೇರಿದ ರಾರಾವಿ ಗ್ರಾಮವು ವೇದಾವತೀ ತೀರದಲ್ಲಿ, ಆಂಧ್ರದ ಗಡಿಗೆ ಸಮೀಪವಾಗಿ ಇರುವುದು. ಜನರು ಈ ನದಿಯನ್ನು ಹಗರಿಯೆಂದೇ ಕರೆಯುವರು. ಇಂಥ ಗಡಿಸೀಮೆಯ ಶಾಲೆಗಳಲ್ಲಿ ಯಾವ ಜಾತಿಯ, ಯಾವ ಮನೆಮಾತಿನ ಮಕ್ಕಳು ಹಿಂದೆ ಓದುತ್ತಿದ್ದರು, ಈಗ ಓದುತ್ತಿರುವರು ಎಂಬುದು ಬರಿಯ ಕುತೂಹಲದ ವಿಷಯವಲ್ಲ. ಮಗುವಿಗೆ ಯಾವ ಭಾಷೆಯಲ್ಲಿ ಪಾಠ ಸಲ್ಲಬೇಕೆಂಬ ಪ್ರಶ್ನೆಯು ಅದನ್ನೇ ಅವಲಂಬಿಸಿದೆ. ಆದಕಾರಣ ದೊರೆತಿರುವ ಲೆಕ್ಕಗಳನ್ನು ಇಲ್ಲಿ ಸ್ವಲ್ಪ ವಿಮರ್ಶಿಸುವೆವು.

ಈ ಸೀಮೆಯು 1800ರಲ್ಲಿ ನಿಜಾಮರಿಂದ ಕುಂಪಣಿಯವರ ಕೈಸೇರಿದ ದತ್ತಮಂಡಲದ ಭಾಗ. 1822ರಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ಅವರು ಪ್ರತಿ ಜಿಲ್ಲೆಯ ನಾಡಶಾಲೆಗಳ ಲೆಕ್ಕವನ್ನು ಕೇಳಿದರು. ಅದಕ್ಕೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ನೆಯ ಆಗಸ್ಟ್ ತಿಂಗಳಲ್ಲಿ ಕಳುಹಿಸಿದ ಉತ್ತರವು ಆ ಕಾಲದ ವರದಿಗಳಲ್ಲೆಲ್ಲ ಬಹು ವಿವರವಾದವುಗಳಲ್ಲಿ ಒಂದು. ಈತನು ತೆಲುಗು ವ್ಯಾಕರಣವನ್ನು ಬರೆದವನಾದುದರಿಂದ ಭಾಷಾವಿಷಯದಲ್ಲಿ ಉದಾಸೀನನಲ್ಲ. ಅವನ ಲೆಕ್ಕದಂತೆ ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ವಿದ್ಯಾರ್ಥಿಗಳು 6,641. ಎಂದರೆ ಸಾವಿರ ಮಂದಿಗೆ ಏಳರಷ್ಟು. ಇವರಲ್ಲಿ ಹುಡುಗಿಯರು 60 ಮಂದಿ ಮಾತ್ರ.

ಶಾಲೆಗಳ ಭಾಷೆ ಹೀಗೆ: ಕನ್ನಡ 235, ತೆಲುಗು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷು 1. ಉಳಿದ 23 ಸಂಸ್ಕೃತದ ಪಾಠಸ್ಥಾನಗಳು. ಅವುಗಳಲ್ಲಿ ಓದುತ್ತಿದ್ದವರು ಬ್ರಾಹ್ಮಣರು ಮಾತ್ರ. ಅಲ್ಲಿನ ಪಾಠವು ಅಪೂರ್ಣವಾದುದೆಂದು ಕ್ಯಾಂಪ್‌ಬೆಲ್ ಬರೆದಿರುವನು. ಸಂಸ್ಕೃತ ಪಾಠಶಾಲೆಯ ಅನ್ನವನ್ನುಂಡು ಬೆಳೆದ ನಮಗೆ ಈ ಮಾತು ರುಚಿಸದು. ಆದರೆ ಬ್ರಾಹ್ಮಣರು ಮಾತ್ರವೆಂಬುದನ್ನು ಅಲ್ಲಗಳೆಯಲು ನಮ್ಮಲ್ಲಿ ಆಧಾರವೂ ಇಲ್ಲ, ಮುಖವೂ ಇಲ್ಲ. ಇನ್ನು, ತೆಲುಗಿನ ಸಂಖ್ಯೆಯನ್ನು ಕಂಡು ವಾಚಕರು ಆಶ್ಚರ್ಯಪಡಬೇಕಾದುದಿಲ್ಲ. 1882ರಲ್ಲಿ ಪ್ರತ್ಯೇಕವಾದ ಅನಂತಪುರವೂ ಅಂದು ಈ ಜಿಲ್ಲೆಯೊಳಗೇ ಇದ್ದಿತು.

ಹುಡುಗರ ಜಾತಿಯ ಲೆಕ್ಕವು ಮತ್ತೂ ವಿಚಾರಯೋಗ್ಯ. ವರದಿಯ ಮಾತಿನಲ್ಲಿ ಹೇಳುವುದಾದರೆ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರು 2,998, ಇತರ ಜಾತಿಯವರು 1,174, ಮುಸಲ್ಮಾನರು 243. ಹಿಂದಿನ ಕಾಲದಲ್ಲಿ ಬ್ರಾಹ್ಮಣರ ಹೊರತು ಯಾರೂ ಓದುತ್ತಿರಲಿಲ್ಲವೆಂಬ ಮಾತು ಈ ಅಂಕಿಗಳ ಮುಂದೆ ನಿಲ್ಲದು. ಅವರು ನೂರಕ್ಕೆ ಹದಿನೆಂಟರಷ್ಟೇ. ಹಾಗೆಂದು ಎಲ್ಲರಿಗೂ ವಿದ್ಯೆ ದೊರೆಯುತ್ತಿದ್ದಿತೆಂದು ಹಿಗ್ಗುವುದೂ ಸಲ್ಲದು. ‘ಇತರ ಜಾತಿ’ ಎಂಬ ಒಂದೇ ಚೀಲದಲ್ಲಿ ಯಾರು ಯಾರು ಅಡಗಿರುವರೆಂಬುದನ್ನು ಆ ಪಟ್ಟಿಯು ತಿಳಿಸುವುದಿಲ್ಲ.

ಇಲ್ಲಿ ಒಂದಂಶವನ್ನು ಮುಖ್ಯವಾಗಿ ಗಮನಿಸತಕ್ಕುದು. ಈ ಲೆಕ್ಕದಲ್ಲಿ ಜಾತಿಯು ಮಗುವಿಗೆ ಸೇರಿದೆ, ಭಾಷೆಯು ಶಾಲೆಗೆ ಸೇರಿದೆ. ಮಗುವಿನ ಮನೆಯಲ್ಲಿ ಯಾವ ಮಾತೆಂದು ಯಾರೂ ಕೇಳಲಿಲ್ಲ. ಕನ್ನಡದ ಮಠದಲ್ಲಿ ಮರಳಿನ ಮೇಲೆ ಅಕ್ಷರ ತೀಡುತ್ತಿದ್ದವರಲ್ಲಿ ತೆಲುಗು ಮನೆಯವರೆಷ್ಟು ಎಂಬುದು ಆ ಪಟ್ಟಿಯಿಂದ ತಿಳಿಯುವಂತಿಲ್ಲ. ಆದರೂ ಮಕ್ಕಳು ತಮಗೆ ಅರ್ಥವಾಗದ ಗ್ರಾಂಥಿಕ ಪದ್ಯಗಳನ್ನು ಗಿಣಿಪಾಠ ಮಾಡುತ್ತಾರೆಂದು ಕ್ಯಾಂಪ್‌ಬೆಲ್ ಆಕ್ಷೇಪಿಸಿದ್ದುಂಟು. ರೋಗವನ್ನು ಕಂಡನು, ಅದನ್ನು ಅಳೆಯುವ ಅಂಕಣವನ್ನು ಮಾತ್ರ ಹಾಕಲಿಲ್ಲ.

1953ನೆಯ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಿಸಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದುವು. ಸಿರುಗುಪ್ಪವು, ಅದರೊಡನೆ ರಾರಾವಿಯೂ, ಮೈಸೂರಿಗೆ ಸೇರಿತು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಬಳ್ಳಾರಿ, ಹೊಸಪೇಟೆಗಳೊಡನೆ ಸಿರುಗುಪ್ಪವನ್ನೂ ಆಂಧ್ರಕ್ಕೆ ಕೊಡಬೇಕೆಂದಿತು; ಅದು ನಡೆಯಲಿಲ್ಲ. ಗೆರೆಯು ಭೂಪಟದ ಮೇಲೆ ಬಿದ್ದಿತೇ ಹೊರತು ಅಡಿಗೆಮನೆಯೊಳಗಲ್ಲ. ಇತ್ತ ತೆಲುಗಿನ ಮನೆಗಳು, ಅತ್ತ ಕನ್ನಡದ ಮನೆಗಳು ಉಳಿದೇ ಉಳಿದವು. ಆಮೇಲೆ ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರು ಈ ಎರೆಭೂಮಿಗೆ ಹರಿಯಲಾಗಿ, ಗೋದಾವರಿ ಕೃಷ್ಣಾ ತೀರಗಳ ರೈತರು ಬಂದು ಭತ್ತದ ಗದ್ದೆಗಳ ನಡುವೆ ನೆಲೆಸಿದರು. ಅವರ ವಸತಿಗಳಿಗೆ ಜನರು ಇಂದಿಗೂ ‘ಕ್ಯಾಂಪು’ ಎಂದೇ ಹೇಳುವರು. ಅವರ ಮಕ್ಕಳೂ ಹತ್ತಿರದ ಶಾಲೆಗಳ ಪುಸ್ತಕವನ್ನೇರಿದರು.

ಈಚಿನ ಬದಲಾವಣೆಯು ಬೇರೊಂದು ಬಗೆಯದು. ಗದ್ದೆಯುಳ್ಳವರೂ ವ್ಯಾಪಾರಿಗಳೂ ತಮ್ಮ ಮಕ್ಕಳನ್ನು ಖಾಸಗಿ ಇಂಗ್ಲಿಷು ಶಾಲೆಗಳ ಹಳದಿ ಬಸ್ಸಿಗೆ ಹತ್ತಿಸುವರು. 2011ರ ಜನಗಣತಿಯಂತೆ ಅವಿಭಕ್ತ ಬಳ್ಳಾರಿ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ ಸುಮಾರು 21, ಪರಿಶಿಷ್ಟ ಪಂಗಡದವರು ಸುಮಾರು 18. ಊರಿನ ಸರ್ಕಾರೀ ಶಾಲೆಯ ಬೆಂಚುಗಳಲ್ಲಿ ವಾಲ್ಮೀಕಿ ನಾಯಕರ, ಪರಿಶಿಷ್ಟ ಜಾತಿಗಳ, ಬಡ ಮುಸಲ್ಮಾನರ ಮಕ್ಕಳ ಪಾಲು ಇದಕ್ಕಿಂತಲೂ ಹೆಚ್ಚಾಗಿ ಕಾಣುವುದು. ಹುಡುಗಿಯರು ಹುಡುಗರಿಗೆ ಸರಿಸಮವಾಗಿ ಕುಳಿತಿರುವರು. ಅಂದು ಹೊರಗುಳಿದವರು ಒಳಬಂದರು, ಒಳಗಿದ್ದವರು ಹೊರಟುಹೋದರು. ಮೊದಲನೆಯದಕ್ಕೆ ಸಂತೋಷಪಡುವ ನಾವು ಎರಡನೆಯದಕ್ಕೆ ಸಮಾಧಾನ ಹೇಳಿಕೊಳ್ಳಲಾರೆವು. ಊರ ಪ್ರಮುಖರ ಮಕ್ಕಳು ಓದದ ಶಾಲೆಯ ಮಾಡು ಸೋರಿದರೆ ಪಂಚಾಯಿತಿಯಲ್ಲಿ ಕೇಳುವವರಾರು?

ಈಗಿನ ದಾಖಲಾತಿ ಪುಸ್ತಕದಲ್ಲಿ ಜಾತಿಯೊಡನೆ ‘ಮಾತೃಭಾಷೆ’ ಎಂಬ ಅಂಕಣವೂ ಉಂಟು. ಕ್ಯಾಂಪ್‌ಬೆಲ್ಲನ ಕೊರತೆಯು ಹೀಗೆ ತುಂಬಿತೆನ್ನಬಹುದಾಗಿದ್ದಿತು. ಆದರೆ ಈ ತಾಲ್ಲೂಕಿನ ಒಂದು ಮನೆಯ ಇಬ್ಬರು ಮಕ್ಕಳ ಸಂಗತಿಯನ್ನು ನಾವು ಬಲ್ಲೆವು. ಮನೆಯಲ್ಲಿ ತಾಯಿ ಆಡುವುದು ತೆಲುಗು. ಕನ್ನಡ ಶಾಲೆಗೆ ಸೇರಿದ ಅಕ್ಕನ ಹೆಸರಿನ ಮುಂದೆ ‘ಕನ್ನಡ’ ಎಂದೂ, ಇಂಗ್ಲಿಷು ಶಾಲೆಗೆ ಸೇರಿದ ತಮ್ಮನ ಹೆಸರಿನ ಮುಂದೆ ‘ತೆಲುಗು’ ಎಂದೂ ಬರೆದಿದೆ. ಗುಮಾಸ್ತರು ತಾಯಿಯನ್ನು ಕೇಳದೆ ಶಾಲೆಯ ಮಾಧ್ಯಮವನ್ನೇ ಮಗುವಿನ ಮಾತೃಭಾಷೆಯೆಂದು ಬರೆದುಕೊಂಡರೆ 1823ರ ಸ್ಥಿತಿಗೂ ಇದಕ್ಕೂ ಭೇದವೇನು?

ಇದು ಸಣ್ಣ ತಪ್ಪಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಕಲ್ಪಿಸಲು ಪ್ರಯತ್ನಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಹೇಳುವುದು. ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸತಕ್ಕವರು ತಂದೆತಾಯಿಗಳೇ ಎಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದೆ. ಈ ಎರಡಕ್ಕೂ ಆಧಾರವಾಗತಕ್ಕುದು ಆ ಒಂದು ಅಂಕಣ. ಅದರಲ್ಲಿ ಎಲ್ಲರೂ ಕನ್ನಡಿಗರಾದರೆ, ತೆಲುಗು ಮನೆಯ ಮಗುವು ಒಂದನೆಯ ತರಗತಿಯಲ್ಲಿ ಬಾಯಿಬಿಡದೆ ಕುಳಿತಾಗ ಅದನ್ನು ದಡ್ಡನೆಂದು ಬರೆಯುವರೇ ಹೊರತು, ಕನ್ನಡವು ಅದಕ್ಕೆ ಇನ್ನೂ ಹೊಸಮಾತೆಂದು ತಿಳಿಯುವವರಿಲ್ಲ. ಆದವಾನಿಯ ಕಡೆಯ ತೆಲುಗು ಶಾಲೆಯಲ್ಲಿ ಕುಳಿತ ಕನ್ನಡದ ಮಗುವಿಗೂ ಇದೇ ಗತಿ. ನಮ್ಮವರಿಗಾಗಿ ಅಲ್ಲಿ ನ್ಯಾಯ ಕೇಳುವ ನಾವು ಇಲ್ಲಿನ ಪುಸ್ತಕವನ್ನು ಮೊದಲು ಸರಿಯಾಗಿ ಬರೆಯತಕ್ಕುದು. ಜೂನ್ ತಿಂಗಳ ದಾಖಲಾತಿಯ ದಿನ ಮೇಷ್ಟರು ತಾಯಿಯೊಡನೆ ಎರಡು ಮಾತನಾಡಿ ಆ ಅಂಕಣವನ್ನು ತುಂಬಿದರೆ ಸಾಕು. ಇದಕ್ಕೆ ಹೊಸ ಹಣವೂ ಬೇಡ, ಹೊಸ ಕಾನೂನೂ ಬೇಡ.