ಬೇಲಿಯಿಲ್ಲದ ಹೊಲ, ಪಬ್ಬಿನಲ್ಲಿ ಕೋರ್ಟು

ನವೆಂಬರ್ ತಿಂಗಳ ಕೊನೆಯ ಗುರುವಾರ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಹಳ್ಳಿಯಲ್ಲಿ ಒಂದು ತಪಾಸಣೆ ನಡೆಯುತ್ತದೆ. ಊರಿನ ಹನ್ನೆರಡು ಮಂದಿ ರಬ್ಬರ್ ಬೂಟು ಹಾಕಿಕೊಂಡು, ಮರದ ಗೂಟಗಳನ್ನು ಹೊತ್ತು ಗೋಧಿ ಹೊಲಕ್ಕೆ ಹೊರಡುತ್ತಾರೆ. ಇವರೇ ಆ ವರ್ಷದ ಜೂರಿ. ಪಕ್ಕದವನ ನೆಲವನ್ನು ಒಂದಿಷ್ಟು ಉತ್ತುಕೊಂಡವರು ಯಾರು, ಊರ ದಾರಿಯನ್ನೇ ಒಳಗೆ ಹಾಕಿಕೊಂಡವರು ಯಾರು ಎಂದು ನೋಡುವುದು ಅವರ ಕೆಲಸ. ಗಡಿ ಅಳಿಸಿಹೋಗಿದ್ದರೆ ಅಲ್ಲೇ ಅಳೆದು ಗೂಟ ಹೊಡೆಯುತ್ತಾರೆ.

ಗೂಟ ಏಕೆಂದರೆ ಇಲ್ಲಿನ ದೊಡ್ಡ ಹೊಲಗಳ ಒಳಗೆ ಬೇಲಿಯೇ ಇಲ್ಲ. ಈ ಊರಿಗೆ ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್ ಎಂಬ ಮೂರು ವಿಶಾಲ ಬಯಲುಗಳಿವೆ. ಪ್ರತಿ ಬಯಲೂ ಉದ್ದುದ್ದ ಪಟ್ಟಿಗಳಾಗಿ ಹಂಚಿಹೋಗಿದೆ. ಒಬ್ಬ ರೈತನ ಪಟ್ಟಿಗಳೆಲ್ಲ ಒಂದೇ ಕಡೆ ಇರುವುದಿಲ್ಲ. ಇಲ್ಲೊಂದು, ಅಲ್ಲೊಂದು, ನಡುವೆ ನೆರೆಯವರದು. ಒಳ್ಳೆಯ ಮಣ್ಣು, ಜಿಗುಟು ಜೇಡಿ ಎರಡೂ ಎಲ್ಲರ ಪಾಲಿಗೂ ಬರಲಿ ಎನ್ನುವುದು ಹಳೆಯ ಲೆಕ್ಕಾಚಾರ. ಒಂದು ಬಯಲಿಗೆ ಚಳಿಗಾಲಕ್ಕೆ ಮುಂಚೆಯೇ ಗೋಧಿ ಬಿತ್ತುತ್ತಾರೆ, ಇನ್ನೊಂದಕ್ಕೆ ವಸಂತದ ಬೆಳೆ, ಮೂರನೆಯದಕ್ಕೆ ಬಿಡುವು ಅಥವಾ ಮೇವು. ಮರುವರ್ಷ ಸರದಿ ತಿರುಗುತ್ತದೆ. ನನಗೆ ಈ ಸಲ ಇಲ್ಲಿ ಬೇರೇನೋ ಬೆಳೆಯಬೇಕು ಎಂದು ಒಬ್ಬನೇ ಹಟ ಹಿಡಿದರೆ ನಡೆಯುವುದಿಲ್ಲ.

ಮಧ್ಯಯುಗದಲ್ಲಿ ಇಂಗ್ಲೆಂಡಿನ ನಡುನಾಡಿನ ಹಳ್ಳಿಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಇದ್ದವು. ಆಮೇಲೆ ಬಂದದ್ದು ಬೇಲಿಯ ಕಾಲ. 1604ರಿಂದ 1914ರವರೆಗೆ ಬ್ರಿಟಿಷ್ ಸಂಸತ್ತು ಐದು ಸಾವಿರಕ್ಕೂ ಹೆಚ್ಚು ಕಾಯಿದೆಗಳನ್ನು ಮಾಡಿ, ಇಂಗ್ಲೆಂಡಿನ ಐದನೇ ಒಂದು ಭಾಗದಷ್ಟು ನೆಲವನ್ನು ಖಾಸಗಿ ತುಂಡುಗಳಾಗಿ ಕತ್ತರಿಸಿತು. ಇಳುವರಿ ಏರಿತು ಎನ್ನುವವರಿದ್ದಾರೆ. ಹುಲ್ಲುಗಾವಲಿನ ಹಕ್ಕು ಕಳೆದುಕೊಂಡು ಪಟ್ಟಣದ ದಾರಿ ಹಿಡಿದ ಬಡವರ ಕಥೆಯೂ ಅಷ್ಟೇ ನಿಜ. ಲ್ಯಾಕ್ಸ್‌ಟನ್ ಮಾತ್ರ ತಪ್ಪಿಸಿಕೊಂಡಿತು. ಊರಿನವರ ದೂರದೃಷ್ಟಿ ಎಂದುಕೊಳ್ಳಬೇಕಿಲ್ಲ. ಇಲ್ಲಿ ಜಮೀನಿದ್ದ ಇಬ್ಬರು ದೊಡ್ಡ ಒಡೆಯರಿಗೆ ಹಂಚಿಕೆಯಲ್ಲಿ ಹೊಂದಿಕೆಯಾಗಲಿಲ್ಲ, ಅಷ್ಟೆ.

ಹಳೆಯ ವ್ಯವಸ್ಥೆ ಹೇಗಿತ್ತು ಎಂದು ಊಹಿಸಬೇಕಾಗಿಯೂ ಇಲ್ಲ. ಸರ್ ವಿಲಿಯಂ ಕೋರ್ಟನ್ ಎಂಬ ಒಡೆಯನಿಗಾಗಿ 1635ರಲ್ಲಿ ಮಾರ್ಕ್ ಪಿಯರ್ಸ್ ಬರೆದ ಊರಿನ ನಕ್ಷೆ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅಂದಿನ ಎರಡು ಸಾವಿರಕ್ಕೂ ಹೆಚ್ಚು ಪಟ್ಟಿಗಳು ಅದರಲ್ಲಿ ಒಂದೊಂದಾಗಿ ದಾಖಲಾಗಿವೆ. ಗೆರೆಗಳ ನಡುವೆ ಉಳುವವರ, ಕೊಯ್ಯುವವರ ಪುಟ್ಟ ಚಿತ್ರಗಳನ್ನೂ ಅವನು ಬಿಡಿಸಿದ್ದಾನೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಕ್ಕಪಕ್ಕದ ಪಟ್ಟಿಗಳನ್ನು ಕೂಡಿಸಿ ಅಗಲ ಮಾಡಿದರು. ಹಾಗೆ ಮಾಡದಿದ್ದರೆ ಟ್ರ್ಯಾಕ್ಟರ್ ತಿರುಗಿಸಲೂ ಜಾಗ ಇರುತ್ತಿರಲಿಲ್ಲ.

ಜೂರಿ ದಿನದ ಮಧ್ಯಾಹ್ನದ ಊಟ ಊರಿನ ಪಬ್ ಆದ ಡವ್‌ಕೋಟ್ ಇನ್ನಿನಲ್ಲಿ. ಒಂದು ವಾರ ಕಳೆದು ಅಲ್ಲಿಯೇ ಕೋರ್ಟ್ ಲೀಟ್ ಎಂಬ ಹಳೆಯ ಊರ ಕೋರ್ಟು ಸೇರುತ್ತದೆ. ಒಡೆಯರ ಪರವಾಗಿ ಸ್ಟುವರ್ಡ್ ಎಂಬ ಅಧಿಕಾರಿ ಕುಳಿತಿರುತ್ತಾರೆ. ಒತ್ತುವರಿ ಮಾಡಿದವರ, ಚರಂಡಿ ತೆಗೆಯದವರ ಹೆಸರು ಅಲ್ಲಿ ಓದಲಾಗುತ್ತದೆ, ದಂಡ ಬೀಳುತ್ತದೆ. ಮೊತ್ತ ದೊಡ್ಡದಲ್ಲ, ಬಿಯರ್ ಗ್ಲಾಸ್ ಹಿಡಿದ ನೆರೆಹೊರೆಯವರ ಎದುರು ಹೆಸರು ಓದಿಸಿಕೊಳ್ಳುವುದೇ ನಿಜವಾದ ಶಿಕ್ಷೆ. ನೋಡುವವರಿಗೆ ನಾಟಕ ಅನ್ನಿಸಬಹುದು. ಆದರೆ 1977ರ ಕಾಯಿದೆ ಇಂಥ ಹಳೆಯ ಕೋರ್ಟುಗಳ ಅಧಿಕಾರ ಕಿತ್ತುಕೊಂಡಾಗಲೂ ಲ್ಯಾಕ್ಸ್‌ಟನ್ನಿನದಕ್ಕೆ ಕೈ ಹಚ್ಚಲಿಲ್ಲ.

ಹೊಲದ ಪದ್ಧತಿ ಊರಿನ ಬೀದಿಯಲ್ಲೂ ಕಾಣುತ್ತದೆ. ಬೇರೆ ಕಡೆ ಬೇಲಿ ಬಂದ ಮೇಲೆ ಅನೇಕ ರೈತರು ತಮ್ಮ ಜಮೀನಿನ ನಡುವೆ ಒಂಟಿ ಮನೆ ಕಟ್ಟಿಕೊಂಡರು. ಇಲ್ಲಿ ಜಮೀನು ಮೂರು ದಿಕ್ಕಿಗೆ ಚೆದುರಿರುವುದರಿಂದ ರೈತರ ಇಟ್ಟಿಗೆ ಮನೆಗಳು, ಕಣಜಗಳು ಬೀದಿಯಲ್ಲೇ ಉಳಿದಿವೆ. ಹಲವು ಮನೆಗಳು ಬೀದಿಗೆ ಪಕ್ಕೆ ತೋರಿಸಿ ನಿಂತಿವೆ, ಹಿಂದೆ ಉದ್ದನೆಯ ಹಿತ್ತಿಲು. ತಪ್ಪಿಸಿಕೊಂಡ ದನ ಕೂಡುತ್ತಿದ್ದ ದೊಡ್ಡಿಯೂ ಇದೆ. ಸೇಂಟ್ ಮೈಕೇಲ್ ಚರ್ಚಿನಲ್ಲಿ ಓಕ್ ಮರದಲ್ಲಿ ಕೆತ್ತಿದ ಮಧ್ಯಯುಗದ ಮಹಿಳೆಯೊಬ್ಬಳ ಮಲಗಿದ ಪ್ರತಿಮೆಯಿದೆ. ಊರಿನ ಉತ್ತರಕ್ಕೆ ನಾರ್ಮನ್ ಕೋಟೆಯ ಮಣ್ಣಿನ ದಿಬ್ಬ. ಶೆರ್‌ವುಡ್ ಕಾಡಿನ ಉಸ್ತುವಾರಿ ಹೊತ್ತಿದ್ದ ಎವರಿಂಗ್‌ಹ್ಯಾಮ್ ಮನೆತನ ಒಂದು ಕಾಲಕ್ಕೆ ಅಲ್ಲಿತ್ತು. ಇನ್ನು ಬಯಲುಗಳಲ್ಲಿ ಉಳಲು ಬಾರದ ತಗ್ಗಿನ ಹುಲ್ಲುನೆಲಗಳಿಗೆ ಸೈಕ್ಸ್ ಎನ್ನುತ್ತಾರೆ. ನೇಗಿಲು ತಾಗದ ಕಾರಣ ಅಲ್ಲಿ ಕಾಡುಹೂಗಳು ಉಳಿದಿವೆ, ಸರ್ಕಾರದ ರಕ್ಷಣೆಯೂ ಇದೆ.

ಊರಿನ ರೈತರು ಹೆಚ್ಚಿನವರು ಗೇಣಿದಾರರೇ. 1952ರಲ್ಲಿ ಅರ್ಲ್ ಮ್ಯಾನ್ವರ್ಸ್ ಕುಟುಂಬದಿಂದ ಕೃಷಿ ಸಚಿವಾಲಯ ಜಮೀನು ಕೊಂಡಾಗ ಸರ್ಕಾರದ ಮಂತ್ರಿಯೇ ಈ ಊರಿನ ಒಡೆಯರಾದರು! 1981ರಲ್ಲಿ ಅದು ರಾಜಮನೆತನದ ಹೆಸರಿನ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು, 2020ರಲ್ಲಿ ಮ್ಯಾನ್ವರ್ಸ್ ವಂಶದ ಥೋರ್ಸ್‌ಬಿ ಎಸ್ಟೇಟಿಗೆ ಮರಳಿತು. ಪಟ್ಟಿಗಳಿಂದಷ್ಟೇ ಸಂಸಾರ ಸಾಗುವುದಿಲ್ಲವಾದ್ದರಿಂದ ರೈತರು ಬೇಲಿ ಹಾಕಿದ ಬೇರೆ ಹೊಲಗಳನ್ನೂ ಗೇಣಿಗೆ ಮಾಡುತ್ತಾರೆ. ಆ ಹೊಲಗಳಲ್ಲಿ ಏನು ಬಿತ್ತಬೇಕು ಎಂದು ಯಾರನ್ನೂ ಕೇಳಬೇಕಿಲ್ಲ, ಜೂರಿಯೂ ಅತ್ತ ಸುಳಿಯುವುದಿಲ್ಲ.