ಮೊಮ್ಮಗಳಿಗೊಂದು ಹಳೆಯ ಲ್ಯಾಪ್‌ಟಾಪ್

ನವಲಗುಂದದ ನಮ್ಮ ಮನೆಯಲ್ಲಿರುವ ನಾಲ್ಕು ವರ್ಷದ ಮೊಮ್ಮಗಳಿಗೆ ಲ್ಯಾಪ್‌ಟಾಪ್ ಬೇಕೆಂದಾಗ, ಹೊಸದನ್ನು ಕೊಳ್ಳಲು ನಾನು ಒಪ್ಪಲಿಲ್ಲ. ಪಿಂಚಣಿದಾರನ ಜಿಪುಣತನವೆಂದು ಮಗ ನಕ್ಕ.

ಮಗುವಿಗೆ ತಕ್ಕ ಯಂತ್ರ ಹೇಗಿರಬೇಕೆಂಬುದನ್ನು 2007ರಲ್ಲಿ ತಯಾರಾದ ಒಎಲ್‌ಪಿಸಿ ತೋರಿಸಿತ್ತು: ರಬ್ಬರ್ ಕೀಲಿಮಣೆ, ಫ್ಯಾನಿಲ್ಲ, ತಿರುಗುವ ಡಿಸ್ಕಿಲ್ಲ. ಅದಕ್ಕೂ ಮೊದಲೇ, 2006ರಲ್ಲಿ, ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ ಆ ಯೋಜನೆಯನ್ನು ತಿರಸ್ಕರಿಸಿತು. ಶಿಕ್ಷಕರೂ ಶಾಲಾ ಕೋಣೆಗಳೂ ಮೊದಲು ಬೇಕೆಂಬ ಅದರ ವಾದವನ್ನು, ಅರ್ಥಶಾಸ್ತ್ರ ಓದಿದವನಾಗಿ, ನಾನು ಇಂದಿಗೂ ಒಪ್ಪುತ್ತೇನೆ. ಆದರೆ ಮೊಮ್ಮಗಳು ಒಪ್ಪಬೇಕಲ್ಲ!

ಹುಬ್ಬಳ್ಳಿಯಿಂದ ಮೊದಲು ತಂದ ಯಂತ್ರದ ತಳ ಉಬ್ಬಿತ್ತು. ಒಳಗೆ ಲಿಥಿಯಂ ಬ್ಯಾಟರಿ ಊದಿಕೊಂಡಿತ್ತು. ಬೆಂಕಿ ಹತ್ತಬಹುದಾದ ವಸ್ತುವನ್ನು ಮಗುವಿನ ತೊಡೆಯ ಮೇಲಿಡಲಿದ್ದೆ. ಮರುದಿನವೇ ಹಿಂದಿರುಗಿಸಿದೆ. ಎರಡನೆಯದು, ಕಚೇರಿಯಲ್ಲಿ ದುಡಿದು ಬಂದ ಥಿಂಕ್‌ಪ್ಯಾಡ್. ಕೀಲಿಮಣೆಯ ಮೇಲೆ ಚೆಲ್ಲಿದ ನೀರು ತಳದ ರಂಧ್ರಗಳಿಂದ ಹರಿದುಹೋಗುವ ಮಾದರಿ. ತಿರುಗುವ ಹಾರ್ಡ್ ಡಿಸ್ಕ್ ಕೆಳಗೆ ಬಿದ್ದರೆ ಕೆಡುವುದೆಂದು ಎಸ್‌ಎಸ್‌ಡಿ ಹಾಕಿಸಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಬೆಂಬಲ ನಿಂತಿದ್ದರಿಂದ ಲಿನಕ್ಸ್, ಅದರಲ್ಲಿ ಪುಟ್ಟ ಮಕ್ಕಳಿಗೆಂದೇ ಮಾಡಿದ ಉಚಿತ ಜಿಕಾಂಪ್ರಿ. ನಮ್ಮ ಎರೆಸೀಮೆಯ ಧೂಳಿಗೆ ಫ್ಯಾನನ್ನು ಆಗಾಗ ಸ್ವಚ್ಛಗೊಳಿಸಲೇಬೇಕು.

ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆ ಮೀರದಿರಲೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಗಡಿಯಾರ ನೋಡುವ ಹೊಣೆ ನನ್ನಾಕೆಯದು. ಮೊದಲ ವಾರ ಗಂಟೆ ಮೀರಿದವನು ನಾನೇ.